ಹೊಸಬರಿಗೆ ಸುಲಭವಾದದ್ದು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ. ನಾನು ಡೈರಿ ಬರೆಯುವವಳು. ಡೈರಿ ಬರೆಯುವವರ ನೆನಪು ಗಟ್ಟಿಯಾಗಿರುತ್ತದೆ ಎಂದು ಜನ ತಿಳಿದಿದ್ದಾರೆ. ನೆನಪು ಗಟ್ಟಿಯಾಗಿರುವವರು ಬರೆದಿಟ್ಟುಕೊಳ್ಳುವ ಕಷ್ಟವನ್ನಾದರೂ ಯಾಕೆ ಪಡುತ್ತಾರೆ? ಅಲ್ಲದೆ ನನ್ನ ಡೈರಿಯಲ್ಲಿ, ಜಗಳಗಳಲ್ಲಿ ನಾನಾಡಿದ ಮಾತು ಆಡಿದ್ದಕ್ಕಿಂತ ಚೆನ್ನಾಗಿಯೂ ಗಂಡನ ಮಾತು ಆಡಿದ್ದಕ್ಕಿಂತ ಚಿಕ್ಕದಾಗಿಯೂ ಇರುತ್ತದೆ. ಇದು ಹೇಗೆ ಆಗುತ್ತದೆಂದು ನನಗೇ ಗೊತ್ತಿಲ್ಲ. ಆದ್ದರಿಂದ ಈ ಪ್ರಸಂಗ ನಡೆದದ್ದು ಪೀಣ್ಯಕ್ಕೆ ಮೆಟ್ರೊ ಬರುವ ಮೊದಲು ಎಂದು ನಾನೂ, ಬಂದ ಮೇಲೆ ಎಂದು ನನ್ನ ಗಂಡ ರಘುವೂ ಹೇಳಿದರೆ ನೀವು ಇಬ್ಬರನ್ನೂ ನಂಬಬೇಕಾಗಿಲ್ಲ. ಆದರೆ ಒಂದು ಭಾನುವಾರ ಮಧ್ಯಾಹ್ನ ನಮ್ಮ ಮನೆಯ ನಾಲ್ಕು ಜನ ಒಂದೇ ಗುಹೆಯಲ್ಲಿ, ಒಂದೇ ನಿಮಿಷದ ಅಂತರದಲ್ಲಿ ಸತ್ತದ್ದು ನಿಜ. ಅದಕ್ಕೆ ಕಾರಣ ನಾನು ಎಂಬುದೂ ನಿಜ. ಆ ಒಂದು ವಿಷಯದಲ್ಲಿ ಎಲ್ಲರ ನೆನಪೂ ಒಂದೇ.

ರಘು ಮೂವರು ಅಣ್ಣತಮ್ಮಂದಿರಲ್ಲಿ ನಡುವಿನವನು. ನಾವಿಬ್ಬರೂ ಕೆಲಸ ಮಾಡುವುದು ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಮನೆ ಸಿಂಗಸಂದ್ರದಲ್ಲಿ. ಅತ್ತೆ ನಮ್ಮ ಜೊತೆಗಿದ್ದಾರೆ. ಅವನ ಅಣ್ಣ, ಅಂದರೆ ನನ್ನ ಭಾವ ಸತೀಶ್, ಮಾಕಳಿಯಲ್ಲಿದ್ದುಕೊಂಡು ಪೀಣ್ಯದಲ್ಲಿ ಐದು ಲೇತ್ ಮಷೀನುಗಳ ಒಂದು ಸಣ್ಣ ವರ್ಕ್‌ಶಾಪು ನಡೆಸುತ್ತಾರೆ. ತಮ್ಮ ಕಿಟ್ಟಿ ವೈಟ್‌ಫೀಲ್ಡಿನಲ್ಲಿ. ಒಂದೇ ಊರಿನ ಮೂರು ಮೂಲೆ. ತಿಂಗಳಿಗೊಂದು ಭಾನುವಾರ ಎಲ್ಲರೂ ಮಾಕಳಿಯಲ್ಲಿ ಸೇರಿ ಉಣ್ಣುವುದು ರೂಢಿಯಾಗಿತ್ತು. ಆದರೆ ಹೊಸೂರು ರಸ್ತೆಯಿಂದ ಹೊರಟು ತುಮಕೂರು ರಸ್ತೆ ಮುಟ್ಟುವಷ್ಟರಲ್ಲಿ ಸಾರು ಆರಿರುತ್ತಿತ್ತು. ಕೈ ತೊಳೆದ ಕೂಡಲೇ ವಾಪಸು ಹೊರಡದಿದ್ದರೆ ಸೋಮವಾರವೇ ಮನೆ ಸೇರುವುದು ಎಂಬ ಹೆದರಿಕೆ ಬೇರೆ. ಎರಡು ತಿಂಗಳಿಗೊಮ್ಮೆ ಆಯಿತು, ಹಬ್ಬಕ್ಕೊಮ್ಮೆ ಆಯಿತು, ಕೊನೆಗೆ ಕಿಟ್ಟಿ ಇದಕ್ಕೊಂದು ಪರಿಹಾರ ಕಂಡುಹಿಡಿದ. ಅದು ಇಂಟರ್ನೆಟ್ಟಿನಲ್ಲಿ ಆಡುವ ಒಂದು ಆಟ. ಪ್ರತಿಯೊಬ್ಬರೂ ಒಂದು ವೇಷ ಹಾಕಿಕೊಂಡು ಒಂದೇ ಕಾಡಿನಲ್ಲಿ ಸೇರುವುದು, ಗುಹೆಗಳನ್ನು ಹೊಕ್ಕು ಪ್ರಾಣಿಗಳನ್ನು ಬಡಿಯುವುದು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಮಾತಾಡುವುದು. ಭಾನುವಾರ ಹನ್ನೆರಡಕ್ಕೆ ಕೂತರೆ ಮೂರರವರೆಗೆ ಮೂವರೂ ಎದ್ದೇಳುತ್ತಿರಲಿಲ್ಲ. ಭಾವನ ಹೆಂಡತಿ ಮಾತ್ರ, ಆ ಆಟದ ಸುದ್ದಿ ತನ್ನ ಮುಂದೆ ಎತ್ತಿದರೆ ಮೋಡೆಮ್ಮನ್ನು ನೀರಿನ ತೊಟ್ಟಿಗೆ ಹಾಕುತ್ತೇನೆ ಎಂದು ಮೊದಲ ವಾರವೇ ಹೇಳಿ, ಭಾನುವಾರಗಳಂದು ತವರಿಗೆ ಹೋಗತೊಡಗಿದರು. ಅವರ ವಿವೇಕ ನನಗಿರಲಿಲ್ಲ.

ನಾನೂ ಅತ್ತೆಯೂ ಅಡುಗೆಮನೆಯಲ್ಲಿರುತ್ತಿದ್ದೆವು. ಅತ್ತೆ ಮುದ್ದೆ ತಿರುವುವಾಗ ನಾನು ಪಾತ್ರೆ ಹಿಡಿದುಕೊಂಡಿರುತ್ತಿದ್ದೆ. ಆಚೆ ಕೋಣೆಯಿಂದ ರಘುವಿನ ನಗು ಕೇಳಿಸುತ್ತಿತ್ತು. ವಾರವೆಲ್ಲ ನನ್ನೊಡನೆ ಆಫೀಸಿನ ಕ್ಯಾಬ್ ಬರುವ ಸಮಯ ಮತ್ತು ಕರಿಬೇವಿನ ಅಗತ್ಯ, ಇವೆರಡನ್ನು ಬಿಟ್ಟು ಬೇರೆ ಮಾತಾಡದ ಮನುಷ್ಯ ಅಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನನಗೆ ಹೊಟ್ಟೆಕಿಚ್ಚಾಯಿತು. ಆಗ ಡೈರಿಯಲ್ಲಿ ಬರೆದುಕೊಂಡದ್ದು ಹೀಗಿದೆ: ‘ವಾರಕ್ಕೆ ಮೂರು ಗಂಟೆ ನಾನೂ ಬೇರೆ ಯಾರಾದರೂ ಆಗಬೇಕು. ಯಾರಾದರೂ ಸರಿ. ಕೈಯಲ್ಲಿ ಸೌಟು ಇರಬಾರದು, ಅಷ್ಟೆ.’ ಇದನ್ನು ಅವತ್ತೇ ಬರೆದೆನೋ, ಆಮೇಲೆ ಸೇರಿಸಿದೆನೋ, ಶಾಯಿಯ ಬಣ್ಣ ನೋಡಿದರೆ ಸ್ವಲ್ಪ ಅನುಮಾನ ಬರುತ್ತದೆ. ಆಸೆಯ ಬಗ್ಗೆ ಅನುಮಾನವಿಲ್ಲ.

“ನಾನೂ ಆಡ್ತೀನಿ,” ಎಂದೆ ಒಂದು ಭಾನುವಾರ.

ಅವರಿಗೆ ಇಷ್ಟು ಸಂತೋಷವಾಗುತ್ತದೆಂದು ನಾನು ಎಣಿಸಿರಲಿಲ್ಲ. “ಬನ್ನಿ ಅತ್ತಿಗೆ, ಒಬ್ರು ಕಮ್ಮಿ ಬೀಳ್ತಿದ್ರು,” ಎಂದ ಕಿಟ್ಟಿ, ರಘುವಿನ ಹೆಡ್‌ಫೋನಿನೊಳಗಿಂದ. ರಘು ತನ್ನ ಹಳೆಯ ಲ್ಯಾಪ್‌ಟಾಪನ್ನು ಒರೆಸಿ ಪಕ್ಕದಲ್ಲೇ ಇಟ್ಟು ನನಗೂ ಒಂದು ಹೆಡ್‌ಫೋನ್ ಕೊಟ್ಟ. ಪರದೆಯ ಮೇಲೆ ನಾಲ್ಕು ಚಿತ್ರಗಳು ಬಂದವು: ಗುರಾಣಿ ಹಿಡಿದ ದಾಂಡಿಗ, ಬಿಲ್ಲುಗಾರ, ಬೆಂಕಿ ಎಸೆಯುವ ಮಂತ್ರವಾದಿ, ಮತ್ತು ಬಿಳಿಯ ನಿಲುವಂಗಿ ತೊಟ್ಟು ಕೋಲು ಹಿಡಿದ ಒಬ್ಬಳು. ‘ನಿಮ್ಮ ಕ್ಲಾಸ್ ಆರಿಸಿಕೊಳ್ಳಿ’ ಎಂದಿತ್ತು, ಅಂದರೆ ವೇಷ. ನಾನು ಇನ್ನೂ ಕನ್ನಡಕ ಹಾಕಿಕೊಂಡಿರಲಿಲ್ಲ, ಮೂವರೂ ಒಟ್ಟಿಗೆ “ಹೀಲರ್” ಎಂದರು.

“ಅಂದ್ರೆ?”

“ನಮಗೆ ಪೆಟ್ಟು ಬಿದ್ರೆ ವಾಸಿ ಮಾಡೋದು. ಹೊಸಬರಿಗೆ ಅದೇ ಸುಲಭ ಕಣೇ,” ಎಂದ ರಘು. “ನೀನು ಮುಂದೆ ಬರೋದೇ ಬೇಡ. ಹಿಂದೆ ನಿಂತ್ಕೊಂಡು ಯಾರಿಗೆ ಏನು ಬೇಕು ನೋಡ್ತಾ ಇದ್ರೆ ಸಾಕು.”

ಆ ಮಾತಿಗೆ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಯಾಕೆಂದರೆ ನನ್ನ ಉದ್ಯೋಗವೇ ಅದು. ಸಾಫ್ಟ್‌ವೇರ್ ಕೊಂಡವರು ಅದನ್ನು ಹೇಗೆ ಬಳಸಬೇಕೆಂಬ ಕೈಪಿಡಿಗಳನ್ನು ನಾನು ಬರೆಯುತ್ತೇನೆ. ಸಮಾಜಶಾಸ್ತ್ರದ ಎಂ.ಎ. ಮಾಡಿದವಳು ಅಲ್ಲಿಗೆ ಹೇಗೆ ಹೋದೆ ಎಂಬುದು ಬೇರೆ ಕಥೆ. ಕೈಪಿಡಿಯಲ್ಲಿ ನಾವು ‘ಹೊಸಬರಿಗೆ ಸುಲಭ’ ಎಂದು ಬರೆಯುವುದು, ಹೊಸಬರು ಎಷ್ಟು ಒತ್ತಿದರೂ ಏನೂ ಕೆಡದ ಗುಂಡಿಗಳ ಬಗ್ಗೆ. ಸುಲಭ ಅಂದರೆ ಅವರಿಗೆ ಸುಲಭ ಎಂದಲ್ಲ, ಅವರಿಂದ ನಮಗೆ ತೊಂದರೆಯಿಲ್ಲ ಎಂದು. ಇದೇ ಅರ್ಥದಲ್ಲಿ ಪಿಯುಸಿಗೆ ಸೇರುವಾಗ ಸೋದರಮಾವ “ಆರ್ಟ್ಸ್ ತಗೊ ಮಗಳೇ, ಸುಲಭ” ಎಂದಿದ್ದರು. ಗಾಡಿ ಕೊಳ್ಳುವಾಗ ಅಪ್ಪ “ಗೇರ್ ಇಲ್ಲದ್ದು ತಗೊ, ಸುಲಭ” ಎಂದಿದ್ದರು. ಸುಲಭವಾದದ್ದನ್ನೇ ಆರಿಸಿ ಆರಿಸಿ ನನ್ನ ಬದುಕು ಎಷ್ಟು ಸುಲಭವಾಗಿದೆ ಎಂದರೆ, ಒಮ್ಮೊಮ್ಮೆ ಅದರಲ್ಲಿ ನನಗೆ ಕೆಲಸವೇ ಇಲ್ಲವೇನೋ ಅನ್ನಿಸುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಬಿಳಿ ನಿಲುವಂಗಿಯ ಮೇಲೆ ಒತ್ತಿದೆ. ಮೂವರು ಒಟ್ಟಿಗೆ ಹೇಳಿದಾಗ ‘ಬೇಡ’ ಎನ್ನುವುದನ್ನು ಯಾವ ವಿಶ್ವವಿದ್ಯಾಲಯವೂ ನನಗೆ ಕಲಿಸಿಲ್ಲ.

ಇನ್ನು ಅವರ ವೇಷಗಳನ್ನು ನೋಡಬೇಕು. ಒಂದು ಮಹಡಿ ಹತ್ತಿದರೆ ಏದುಸಿರು ಬಿಡುವ ಭಾವ ಅಲ್ಲಿ ಬಳ್ಳಿಯಂಥ ಸೊಂಟದ ಬಿಲ್ಲುಗಾರ. ಜಿರಳೆ ಕಂಡರೆ ಮಂಚ ಹತ್ತುವ ಕಿಟ್ಟಿ, ಎಲ್ಲರಿಗಿಂತ ಮುಂದೆ ನಿಂತು ಪೆಟ್ಟು ತಿನ್ನುವ ಗುರಾಣಿಯ ದಾಂಡಿಗ. ಲೈಟರ್ ಕೆಟ್ಟ ದಿನ ಒಲೆ ಹಚ್ಚಲಾರದೆ ಹೋಟೆಲಿನಿಂದ ಕಾಫಿ ತಂದ ರಘು, ಬೊಗಸೆಯಲ್ಲಿ ಬೆಂಕಿಯ ಉಂಡೆ ಕಟ್ಟಿ ಎಸೆಯುವ ಮಂತ್ರವಾದಿ. ಮೂವರೂ ತಾವು ಯಾವುದು ಅಲ್ಲವೋ ಅದನ್ನು ಆರಿಸಿಕೊಂಡಿದ್ದರು.

ಅತ್ತೆ ಕೈ ಒರೆಸಿಕೊಳ್ಳುತ್ತಾ ಬಂದು ನನ್ನ ಪರದೆಯನ್ನು ನೋಡಿದರು. “ಇವ್ಳ್ಯಾರವ್ವ, ಬಿಳಿ ಸೀರೆ ಉಟ್ಕಂಡು ದೊಣ್ಣೆ ಇಡ್ಕಂಡವ್ಳೆ?”

“ನಾನೇ ಅತ್ತೆ.”

“ಅಂಗಾ,” ಎಂದರು. “ದೊಣ್ಣೆ ಯಾಕೆ?”

“ಇದನ್ನ ಎತ್ತಿದ್ರೆ ಬೇರೆಯವರ ಗಾಯ ವಾಸಿಯಾಗತ್ತೆ.”

“ಒಡೆಯಾಕಲ್ವಾ?” ಎಂದು ಸ್ವಲ್ಪ ನಿರಾಶೆಯಿಂದ ಒಳಗೆ ಹೋದರು.

ಕೂದಲು, ಕಣ್ಣು, ಮೂಗು ಆರಿಸುವುದರಲ್ಲಿ ಒಂದು ಭಾನುವಾರ ಹೋಯಿತು. ಗುಹೆಗೆ ಹೋದದ್ದು ಅದರ ಮುಂದಿನ ವಾರವೋ ಆಚೆಯ ವಾರವೋ. ಪರದೆಯ ಎಡಕ್ಕೆ ನಾಲ್ವರ ಹೆಸರಿನ ಮುಂದೆ ನಾಲ್ಕು ಹಸಿರು ಪಟ್ಟಿಗಳಿದ್ದವು. ಪೆಟ್ಟು ಬಿದ್ದಂತೆ ಪಟ್ಟಿ ಕುಗ್ಗುತ್ತದೆ. ನಾನು ಕೋಲೆತ್ತಿದರೆ ತುಂಬುತ್ತದೆ. ಕೆಳಗೆ ನನ್ನದೇ ಒಂದು ನೀಲಿ ಪಟ್ಟಿ. ಪ್ರತಿ ಸಲ ಕೋಲೆತ್ತಿದಾಗಲೂ ಅದು ಇಳಿಯುತ್ತದೆ, ಬಡಿಸಿದಷ್ಟೂ ಪಾತ್ರೆಯ ತಳ ಕಾಣುವ ಹಾಗೆ. ನನಗೆ ಇದೆಲ್ಲ ಒಂದು ಕ್ಷಣದಲ್ಲಿ ಅರ್ಥವಾಯಿತು. ಇಷ್ಟು ಬೇಗ ಅರ್ಥವಾದದ್ದೇ ಅನಾಹುತಕ್ಕೆ ಮೂಲ.

ಯಾಕೆಂದರೆ ಮದುವೆಯಾದ ಹೊಸತರಲ್ಲಿ ಮಾಕಳಿಯ ಮನೆಯ ಪಂಕ್ತಿಯಲ್ಲಿ ಅತ್ತೆ ನನಗೆ ಬಡಿಸಲು ಕಲಿಸಿದ್ದರು. ಮೊದಲು ದೊಡ್ಡವರಿಗೆ, ಆಮೇಲೆ ಗಂಡನಿಗೆ, ಆಮೇಲೆ ಚಿಕ್ಕವರಿಗೆ. ಬಡಿಸಿದವರದು ಕೊನೆಗೆ. ಇನ್ನೊಂದು ಪಾಠವೂ ಇತ್ತು: ಉಣ್ಣುವವರು ‘ಸಾಕು’ ಎಂದು ಕೈ ಅಡ್ಡ ಇಟ್ಟರೆ ಇನ್ನೊಂದು ಸೌಟು ಹಾಕಬೇಕು. ಒಂದೇ ಸಲ ಸಾಕು ಅಂದದ್ದಕ್ಕೆ ನಿಲ್ಲಿಸಿದರೆ ಬಡಿಸುವವರಿಗೆ ಮನಸ್ಸಿಲ್ಲ ಎಂದಾಗುತ್ತದೆ.

ಗುಹೆಯಲ್ಲಿ ಕೋಣದ ತಲೆಯ ಒಂದು ಭಾರೀ ಪ್ರಾಣಿ ಕಿಟ್ಟಿಯನ್ನು ಗೋಡೆಗೆ ಒತ್ತಿ ಗುದ್ದುತ್ತಿತ್ತು. ಅಷ್ಟರಲ್ಲಿ ದೂರದಲ್ಲಿ ನಿಂತಿದ್ದ ಭಾವನನ್ನು ಒಂದು ಬಾವಲಿ ಪರಚಿತು. ಅವರ ಪಟ್ಟಿ ಕೂದಲೆಳೆಯಷ್ಟು ಕುಗ್ಗಿತು. ನನ್ನ ಕೈ ತಾನಾಗಿ ಅತ್ತ ಹೋಯಿತು.

“ಅತ್ತಿಗೆ, ನಂಗೆ,” ಎಂದ ಕಿಟ್ಟಿ.

“ಬಂದೆ ಕಿಟ್ಟಿ, ತಡಿ,” ಎಂದು ರಘುವಿಗೊಂದು ಹಾಕಿದೆ. ಅಷ್ಟರಲ್ಲಿ ಭಾವನ ಪಟ್ಟಿ ಮತ್ತೆ ಚೂರು ಅಲುಗಿದಂತೆ ಕಂಡಿತು.

“ನಂಗೆ ಸಾಕಮ್ಮ,” ಎಂದರು ಭಾವ. ನಾನು ಹಾಕಿದೆ. “ಸಾಕಮ್ಮ, ಸಾಕು, ಅವನಿಗೆ ಹಾಕು.” ಎರಡು ಸಲ ಸಾಕು ಎಂದರಲ್ಲ ಎಂದು ಇನ್ನೊಮ್ಮೆ ಹಾಕಿದೆ. ಆಮೇಲೆ ಕಿಟ್ಟಿಯತ್ತ ತಿರುಗಿ ಕೋಲೆತ್ತಿದರೆ ನೀಲಿ ಪಟ್ಟಿ ಖಾಲಿ.

“ಅತ್ತಿಗೆ, ನಾನು ಸತ್ತೆ,” ಎಂದು ಕಿಟ್ಟಿ ಬಹಳ ವಿನಯದಿಂದ ತಿಳಿಸಿದ. ಕೋಣ ನಮ್ಮತ್ತ ತಿರುಗಿತು. ಮಿಕ್ಕ ಮೂವರನ್ನು ಅದು ಮುಗಿಸಲು ತೆಗೆದುಕೊಂಡ ಸಮಯದಲ್ಲಿ ಒಂದು ಹಪ್ಪಳವೂ ಕರಿಯಲಾಗದು.

ಸತ್ತ ಮೇಲೆ ವಿಚಾರಣೆ ನಡೆಯಿತು. “ಸತೀಶಣ್ಣಂಗೆ ಮೂರು ಸಲ ಹಾಕಿದ್ರಿ ಅತ್ತಿಗೆ,” ಎಂದ ಕಿಟ್ಟಿ. “ಅವನ ಪಟ್ಟಿ ತುಂಬಿ ತುಳುಕ್ತಾ ಇತ್ತು.”

“ದೊಡ್ಡವರಲ್ವಾ,” ಎಂದೆ. ಹೆಡ್‌ಫೋನಿನಲ್ಲಿ ಭಾವ ಮೆಲ್ಲಗೆ, “ನಂಗೂ ಹೊಳೀಲಿಲ್ಲಪ್ಪ. ಬಡಿಸ್ತಿದ್ದಾಳೆ ಅನ್ಕೊಂಡೆ,” ಎಂದರು.

“ಹೋಗ್ಲಿ, ನಿಂಗೆ ನೀನಾದ್ರೂ ಹಾಕ್ಕೋಬಾರ್ದಿತ್ತಾ?” ಎಂದ ರಘು.

“ನಂದು ಆಮೇಲೆ ಅನ್ಕೊಂಡಿದ್ದೆ,” ಎಂದೆ. ಹಾಗೆ ಹೇಳಿದ ಮೇಲೆ ನನಗೇ ಸಿಟ್ಟು ಬಂತು. ಸೌಟು ಬಿಡಬೇಕೆಂದು ಬೇರೆ ಲೋಕಕ್ಕೇ ಬಂದರೆ ಅಲ್ಲಿಯೂ ಪಂಕ್ತಿ ಹಾಕಿಕೊಂಡು ಕೂತಿದ್ದಾರೆ, ನಾನೂ ನಡು ಬಗ್ಗಿಸಿ ನಿಂತಿದ್ದೇನೆ. “ನಂಗೆ ಗುರಾಣಿ ಬೇಕು,” ಎಂದೆ.

“ಅದು ಹೊಸಬರಿಗೆ ಕಷ್ಟ,” ಎಂದ ರಘು.

“ಕಷ್ಟವಾಗ್ಲಿ.”

“ಹಂಗಾದ್ರೆ ಹೀಲರ್ ಯಾರಾಗ್ತಾರೆ?” ಎಂದು ಕಿಟ್ಟಿ ಕೇಳಿದ. ಕೇಳಿದವನದೇ ನೆಟ್‌ವರ್ಕ್ ಆ ಕ್ಷಣ ಕೈಕೊಟ್ಟಿತು. ರಘುವಿಗೆ ಬಾಯಾರಿಕೆಯಾಯಿತು. ಭಾವನ ಬಾಗಿಲಿಗೆ ಯಾರೋ ಬಂದರು.

ನಾನು ಬಿಡಲಿಲ್ಲ. ವಾರವೆಲ್ಲ ಬೆಳಿಗ್ಗೆ ಕ್ಯಾಬ್ ಬರುವ ಮುಂಚೆ ಅರ್ಧ ಗಂಟೆ ಕೂತು ಗುರಾಣಿ ಹಿಡಿಯುವುದನ್ನು ಅಭ್ಯಾಸ ಮಾಡಿದೆ. ಮೊದಲ ದಿನ ಒಂದು ಕಾಡುಹಂದಿಗೆ ಕತ್ತಿ ತಾಗಿದಾಗ ‘ಸಾರಿ’ ಎಂದೆ. ಮೂರನೆಯ ದಿನಕ್ಕೆ ಅನ್ನುವುದನ್ನು ಬಿಟ್ಟೆ. ಭಾನುವಾರ ನಾನೇ ಎಲ್ಲರಿಗಿಂತ ಮುಂದೆ ನಿಂತೆ. ಕಿಟ್ಟಿ ಮುನಿಸಿಕೊಂಡು, ಗುರಾಣಿ ಬಿಟ್ಟು, ಎರಡೂ ಕೈಯಲ್ಲಿ ಕತ್ತಿ ಹಿಡಿದ. ಗಾಯ ವಾಸಿಮಾಡುವವರು ಯಾರೂ ಇಲ್ಲದೆ ಸುಮಾರು ಒಂದು ತಿಂಗಳು, ಡೈರಿಯ ಪ್ರಕಾರ ಐದು ಭಾನುವಾರ, ನಾವು ತಪ್ಪದೆ ಸತ್ತೆವು. ಆರನೆಯ ವಾರ ಭಾವ, “ಕೊಡ್ರೋ ಆ ಕೋಲು ನಂಗೆ,” ಎಂದರು.

ಅಷ್ಟು ಒಳ್ಳೆಯ ಹೀಲರನ್ನು ನಾನು ಆಮೇಲೂ ಕಂಡಿಲ್ಲ. ನನ್ನ ಪಟ್ಟಿ ಅರ್ಧಕ್ಕಿಳಿಯುವ ಮೊದಲೇ ತುಂಬುತ್ತಿತ್ತು. ಗುಟ್ಟೇನು ಭಾವ ಎಂದು ಕೇಳಿದೆ. “ಗುಟ್ಟೇನು ಬಂತಮ್ಮ, ವರ್ಕ್‌ಶಾಪಲ್ಲಿ ಐದು ಮಷೀನು ನೋಡ್ಕೊಳ್ಳಲ್ವಾ? ಯಾವುದು ಬಿಸಿಯಾಗ್ತಿದ್ಯೋ ಅದಕ್ಕೆ ಮೊದಲು ಎಣ್ಣೆ. ಮಷೀನಲ್ಲಿ ದೊಡ್ಡೋರು ಚಿಕ್ಕೋರು ಅಂತ ಇರಲ್ಲ.” ಎರಡು ವರ್ಷ ಸಮಾಜಶಾಸ್ತ್ರ ಓದಿ ನಾನು ಪಡೆಯದ ತಿಳಿವಳಿಕೆ ಪೀಣ್ಯದಲ್ಲಿ ಎಣ್ಣೆಯ ಕ್ಯಾನಿನಲ್ಲಿತ್ತು. ಮಾಕಳಿಯ ಮನೆಯಲ್ಲಿ ಮಾತ್ರ ಭಾವ ಇಂದಿಗೂ ಸೌಟು ಮುಟ್ಟಿಲ್ಲ, ಆ ಮಾತು ಬೇರೆ.

ಕೋಣವನ್ನು ಕೊಂದ ದಿನ ಡೈರಿಯಲ್ಲಿ ‘ಸೌಟು ಬಿಟ್ಟೆ’ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದೇನೆ. ಬಿಟ್ಟ ಸೌಟು ಎಲ್ಲಿ ಹೋಯಿತು ಎಂದು ಬರೆದಿಲ್ಲ. ಅದು ನನ್ನ ಗಮನಕ್ಕೆ ಬರಲು ಇನ್ನೂ ಕೆಲವು ತಿಂಗಳು ಬೇಕಾಯಿತು. ಭಾನುವಾರ ಒಂದೂವರೆ ಹೊತ್ತಿಗೆ ನಮ್ಮ ಮೇಜಿಗೆ ಎರಡು ತಟ್ಟೆ ಬರುತ್ತಿದ್ದವು. ಮೌಸಿಗೆ ಸಾರು ತಾಗಬಾರದೆಂದು ಮುದ್ದೆಯನ್ನು ತುತ್ತು ತುತ್ತಾಗಿ ಮುರಿದಿಟ್ಟು ಚಮಚ ಹಾಕಿರುತ್ತಿತ್ತು. ನಾನು ಪರದೆಯಿಂದ ಕಣ್ಣು ತೆಗೆಯದೆ ಉಣ್ಣುತ್ತಿದ್ದೆ. ಮುದ್ದೆ ತಿರುವುವಾಗ ಪಾತ್ರೆಯನ್ನು ಈಗ ಯಾರು ಹಿಡಿದುಕೊಳ್ಳುತ್ತಾರೆ ಎಂಬ ಪ್ರಶ್ನೆ ಒಮ್ಮೆಯೂ ನನ್ನ ತಲೆಗೆ ಬರಲಿಲ್ಲ.

ಒಂದು ಭಾನುವಾರ ಆ ಪ್ರಶ್ನೆ ಬಂತು. ಅತ್ತೆ ಸಾರಿನ ಪಾತ್ರೆ ಹಿಡಿದು ನನ್ನ ಕುರ್ಚಿಯ ಹಿಂದೆ ನಿಂತಿದ್ದರು. ನಾನು ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ, ಆ ಮೊದಲಿನ ನಾಲ್ಕು ಚಿತ್ರಗಳನ್ನು ತೆರೆದು ಕೇಳಿದೆ: “ಅತ್ತೆ, ನಿಮ್ಮನ್ನ ಕೇಳಿದ್ರೆ ಇದ್ರಲ್ಲಿ ನೀವು ಯಾರಾಗ್ತೀರಿ?”

ಅವರು ತಕ್ಷಣ ನಗಲಿಲ್ಲ. ಬಗ್ಗಿ, ನಾಲ್ಕು ಚಿತ್ರಗಳನ್ನೂ ಒಂದೊಂದಾಗಿ ನೋಡಿದರು. ಬೆರಳನ್ನು ಪರದೆಯ ಹತ್ತಿರ ತಂದದ್ದು ನನಗೆ ಚೆನ್ನಾಗಿ ನೆನಪಿದೆ. ಅಷ್ಟರಲ್ಲಿ ಇನ್ನೊಂದು ಕಿವಿಯಲ್ಲಿ ಕಿಟ್ಟಿ, “ಅತ್ತಿಗೆ, ಎಲ್ಲಿದ್ದೀರಾ, ಬಂತು ಬಂತು,” ಎಂದು ಕೂಗಿದ. ನಾನು ಆ ಕಡೆ ತಿರುಗಿದೆ. ಅತ್ತೆ ಏನೋ ಅಂದಂತೆ ಇತ್ತು. ರಘುವನ್ನು ಕೇಳಿದರೆ, ಅಮ್ಮ ಏನೂ ಅನ್ನಲಿಲ್ಲ, ನೀನು ಏನೂ ಕೇಳಲೂ ಇಲ್ಲ ಎನ್ನುತ್ತಾನೆ. ಡೈರಿಯಲ್ಲಿ ಪ್ರಶ್ನೆ ಇದೆ, ಅದರ ಕೆಳಗೆ ಉತ್ತರಕ್ಕೆಂದು ಬಿಟ್ಟ ಒಂದು ಸಾಲು ಖಾಲಿ ಇದೆ.

ಆ ಸಾಲು ತುಂಬಿಸಬೇಕೆಂದು ಮೊನ್ನೆ ಮತ್ತೆ ಕೇಳಿದೆ. ನಾನು ಊಟಕ್ಕೆ ಕೂತಿದ್ದೆ, ಅವರು ನಿಂತಿದ್ದರು. “ಅದ್ನ ಏಳ್ತೀನಿ ತಡಿ, ಮೊದ್ಲು ಉಣ್ಣು,” ಎಂದರು. “ಸಾರು ಆಕ್ಲಾ?”

ಸಾಕು ಅಂದೆ. ಹಾಕಿದರು.