ಮುಶೈರಿಬ್‌ನಲ್ಲಿ ನನ್ನ ಗಣಹೋಮ

ವಿಮೆಯವರ ಮಾತು ಕೇಳಿ ಕೆಟ್ಟವರು ಊರೆಲ್ಲ ಇದ್ದಾರೆ. ಕೇಳದೆ ಕೆಟ್ಟವನು ಈ ದೋಹಾದಲ್ಲಿ ನಾನೊಬ್ಬನೇ ಇರಬೇಕು.

ನನ್ನ ಹೆಂಡತಿ ಚೂಡಾಮಣಿ ಇಲ್ಲಿನ ಮುಶೈರಿಬ್ ಪೇಟೆಯ ಹಳೇ ಕಟ್ಟಡದಲ್ಲಿ ಟೈಲರಿಂಗ್ ಅಂಗಡಿ ಇಡಲು ಹೊರಟಳು. ಬೆಂಕಿ ವಿಮೆ ಮಾಡಿಸಲು ಬಂದವನು ನಮ್ಮ ಮಂಗಳೂರು ಕಡೆಯ ಮಾರಿಸ್. ಬೆಂಕಿ ಬಿದ್ದರೆ ಕಂಪನಿಯವರು ಅಂಗಡಿಯನ್ನು ಮೊದಲಿದ್ದ ಹಾಗೆ ಮಾತ್ರ ಮಾಡಿಕೊಡುತ್ತಾರಂತೆ. ಸರಕಾರದವರು ಹೊಸ ಕಾಯಿದೆ ಹಿಡಿದು, ಬೆಂಕಿ ತಾಳುವ ಬಾಗಿಲು ಹಾಕು, ನೀರು ಚಿಮ್ಮುವ ಪೈಪು ಹಾಕು ಎಂದರೆ ಆ ಹೆಚ್ಚಿನ ಖರ್ಚು ನಮ್ಮ ತಲೆಗೆ. ಅದಕ್ಕೆ ಇನ್ನೊಂದು ವಿಮೆ ಉಂಟು ಎಂದ.

"ಮೊದಲಿನ ವಿಮೆಯೊಂದೇ ಸಾಕು. ಬೆಂಕಿಯೇ ಬೀಳದ ಹಾಗೆ ಗಣಹೋಮ ಮಾಡಿಸುತ್ತೇನೆ. ಖಲಾಸ್," ಎಂದೆ.

ಚೂಡಾಮಣಿ ಸುಮ್ಮನಿದ್ದಳು. (ಅವಳು ಸುಮ್ಮನಿದ್ದಾಗಲೇ ಹೆದರಬೇಕು. ಇಷ್ಟು ವರ್ಷವಾದರೂ ನನಗೆ ಬುದ್ಧಿ ಬಂದಿಲ್ಲ.)

ಭಟ್ಟರ ದಕ್ಷಿಣೆಯನ್ನು ಅವಳ ಕೈಗೇ ಕೊಟ್ಟಿದ್ದೆ. ಹೋಮದ ಮುನ್ನಾದಿನ ನೋಡಿದರೆ ಭಟ್ಟರಿಗೆ ಪುರುಸೊತ್ತಿಲ್ಲವಂತೆ.

"ನೀವೇ ಕೂತುಕೊಳ್ಳಿ. ನಿಮಗೆ ಬಾರದ್ದು ಏನುಂಟು?" ಎಂದಳು.

ಹತ್ತು ವರ್ಷಕ್ಕೊಮ್ಮೆ ಸಿಗುವ ಹೊಗಳಿಕೆ, ಉಬ್ಬಿಹೋದೆ. ಮಂತ್ರಕ್ಕೆ ಟೇಪ್ ರೆಕಾರ್ಡರ್, ಹೋಮಕುಂಡಕ್ಕೆ ಪಿಕ್‌ನಿಕ್ಕಿನ ಬಾರ್ಬೆಕ್ಯೂ ಒಲೆ. (ಕೋಳಿ ಸುಟ್ಟದ್ದು ಹೌದು, ಆದರೆ ಮೂರು ಸಲ ತೊಳೆದಿದ್ದೆ.) ಟೇಪು ಪೂರ್ಣಾಹುತಿಗೆ ಬಂದಾಗ ಭಕ್ತಿ ಉಕ್ಕಿ ತುಪ್ಪದ ಡಬ್ಬವನ್ನೇ ಬಗ್ಗಿಸಿಬಿಟ್ಟೆ. ಸಾಕ್ಷಾತ್ ಅಗ್ನಿದೇವ ಎದ್ದು ನಿಂತು ಅಂಗಡಿಯ ಸೀಲಿಂಗ್ ಮುಟ್ಟಿದ. ನಾವಿಬ್ಬರೂ ಹೊರಗೆ ಓಡಿದೆವು. ಒಳಗೆ ಟೇಪು ಪಾಪ, ಮಂಗಳಾರತಿ ಹಾಡುತ್ತಲೇ ಇತ್ತು.

ನಮಗೇನೂ ಆಗಲಿಲ್ಲ, ಅಂಗಡಿ ಮಾತ್ರ ದೋಸೆ ಕಾವಲಿಯಂತಾಗಿತ್ತು. ಬಂದ ಅಧಿಕಾರಿಗಳು ಮಾರಿಸ್ ಹೇಳಿದ್ದನ್ನೇ ಅಕ್ಷರಶಃ ಹೇಳಿದರು: ಹೊಸ ಬಾಗಿಲು, ಹೊಸ ಪೈಪು, ಇಲ್ಲದಿದ್ದರೆ ಅಂಗಡಿ ತೆರೆಯುವಂತಿಲ್ಲ. ಅವಳ ಆಸೆಗೆ ನಾನೇ ಕೊಳ್ಳಿ ಇಟ್ಟೆನಲ್ಲ ಎಂದು ನಿಜಕ್ಕೂ ಅಳು ಬಂತು. ಮಾರಿಸನ ಮುಂದೆ ತಲೆ ತಗ್ಗಿಸಿ ಕೂತೆ.

"ಚಿಂತೆ ಯಾಕೆ ಅಣ್ಣಾ? ಆ ಇನ್ನೊಂದು ವಿಮೆಯನ್ನೂ ಅತ್ತಿಗೆ ಮಾಡಿಸಿದ್ದಾರಲ್ಲ," ಎಂದ ಅವನು.

ನಾನು ಹೆಂಡತಿಯ ಕಡೆ ತಿರುಗಿದೆ. "ಹಣ ಎಲ್ಲಿಂದ ಬಂತು?"

"ಭಟ್ಟರ ದಕ್ಷಿಣೆ," ಎಂದಳು, ತಣ್ಣಗೆ.

ಈಗ ಇಡೀ ಗಲ್ಲಿಯಲ್ಲಿ ಅವಳದೇ ಚೆಂದದ ಅಂಗಡಿ. ನನಗೂ ಬಹಳ ಸಂತೋಷ. ಉದ್ಘಾಟನೆಗೆ ಈ ಸಲ ಭಟ್ಟರೇ ಬಂದಿದ್ದರು. ಗಣಪತಿಯ ಮುಂದೆ ದೀಪ ಹಚ್ಚಲು ಚೂಡಾಮಣಿ ಮಾರಿಸನನ್ನು ಕರೆದಳು. ಎಲ್ಲರೂ ಸೇರಿ ನನ್ನ ಬೆಂಕಿಪೊಟ್ಟಣ ಕಸಿದುಕೊಂಡು, ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಕೈಗೆ ಕೊಟ್ಟು, ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರು. ಪ್ರಸಾದವನ್ನು ಅಲ್ಲಿಗೇ ತಂದುಕೊಟ್ಟರು.