ಊರು ತೋರಿಸುವ ಫೋನು

ನನಗೊಂದು ಕೆಟ್ಟ ಚಟವಿದೆ. ಇಸ್ಪೀಟಲ್ಲ, ನಶ್ಯವಲ್ಲ, ಭವಿಷ್ಯ ಹೇಳುವುದು. ಕೈ ನೋಡಿ ಹೇಳುವವರಾದರೆ ಎಲೆ ಅಡಿಕೆ ಇಟ್ಟು ಕೇಳುತ್ತಾರೆ. ನನ್ನನ್ನು ಯಾರೂ ಕೇಳುವುದಿಲ್ಲ, ನಾನೇ ಮೇಲೆ ಬಿದ್ದು ಹೇಳುತ್ತೇನೆ. ಎಲ್ಲರೂ ಬರೀ ಹೊಸಹಳ್ಳಿ ಎನ್ನುವ ಕಾನಹೊಸಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾದ್ದರಿಂದ ಮುಂದೆ ಬರುವ ಯಂತ್ರಗಳ ಬಗ್ಗೆ ಮಾತಾಡುವ ಹಕ್ಕು ನನಗೊಬ್ಬನಿಗೇ ಇದೆ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಪೇಜರ್ ಎಂಬ ಪದಾರ್ಥದ ಬಗ್ಗೆ ಪೇಪರಿನಲ್ಲಿ ಓದಿದಾಗ, ಇನ್ನು ಎರಡೇ ವರ್ಷಕ್ಕೆ ನಮ್ಮ ರೈತರೆಲ್ಲ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಶೇಂಗಾ ಬಿತ್ತುತ್ತಾರೆ ಎಂದು ಸಾರಿದೆ. ಒಬ್ಬರೂ ಸಿಕ್ಕಿಸಿಕೊಳ್ಳಲಿಲ್ಲ. ಮೊಬೈಲ್ ಬಂದಾಗ, ಇದು ದೊಡ್ಡ ಊರಿನವರ ಶೋಕಿ, ನಮ್ಮ ಕಡೆ ಯಾರಿಗೆ ಅಷ್ಟು ಮಾತಿರುತ್ತದೆ ಎಂದೆ. ಮರುವರ್ಷವೇ ಕೂಡ್ಲಿಗಿಯಲ್ಲಿ ನಮ್ಮ ಮನೆಯ ಹಿಂದೆಯೇ ಟವರ್ ಎದ್ದಿತು. ನಮ್ಮ ಕಡೆಯವರಿಗೆ ಎಷ್ಟು ಮಾತಿದೆ ಎಂದು ಆಮೇಲೆ ಗೊತ್ತಾಯಿತು.

ಡಿಸೆಂಬರ್ ಕೊನೆಯ ದಿನ ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ಪದ್ಧತಿ ಬೆಳೆದಿತ್ತು. ಟೀ ಕುಡಿಯುತ್ತ ಪ್ರತಿಯೊಬ್ಬರೂ ಬರುವ ವರ್ಷ ಎಂಥ ಫೋನು ಬರಬೇಕು ಎಂದು ಹೇಳಬೇಕು. ಕನ್ನಡ ಪಂಡಿತರಿಗೆ ಎಲ್ಲ ಫೋನಿನಲ್ಲೂ ಕನ್ನಡದಲ್ಲಿ ಮೆಸೇಜ್ ಬರೆಯುವಂತಾಗಬೇಕು. ಅವರ ಮಗಳು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಕಳಿಸಿದ್ದನ್ನು ಓದುವಷ್ಟರಲ್ಲಿ ಅವರಿಗೆ ತಲೆನೋವು ಬರುತ್ತಿತ್ತು. ಹೆಡ್‌ಮಾಸ್ಟರಿಗೆ ತಾವು ಭಾಷಣ ಮಾಡುವಾಗ ತಾನಾಗಿಯೇ ಬಾಯಿ ಮುಚ್ಚುವ ಫೋನು ಬೇಕು. ಡ್ರಿಲ್ ಮೇಷ್ಟ್ರು ಹನುಮಂತಪ್ಪನವರು ಮಾತ್ರ ಬಹಳ ದೂರ ಹೋಗಲಿಲ್ಲ. "ಕರೆಂಟು ಮೂರು ದಿವ್ಸ ಇರ್ಲಿಲ್ಲ ಅಂದ್ರೂ ಜೀವ ಹಿಡ್ಕಂಡು ಇರ್ಬೇಕ್ರಿ. ಮತ್ತ ಮುಗಿಲಿಂದ ಬಿದ್ರೂ ಒಡೀಬಾರ್ದು. ನಂಗ ಅಷ್ಟು ಸಾಕ್ರಿ" ಎಂದರು.

ಎಲ್ಲರದೂ ಮುಗಿದ ಮೇಲೆ ನಾನು ಗಂಟಲು ಸರಿಪಡಿಸಿಕೊಂಡೆ. "ಇವೆಲ್ಲ ಆಸೆ. ನಾನು ಹೇಳೋದು ಆಗೋದು. ಮುಂದಿನ ವರ್ಷದ ಫೋನು, ಮಾತಾಡೋನು ಎಲ್ಲಿ ನಿಂತಾನ ಅನ್ನೋದನ್ನ ತೋರಸ್ತೈತಿ!" ಎಂದೆ. ಒಬ್ಬರಿಗೂ ಅದು ಹಿಡಿಸಲಿಲ್ಲ. ಕಾರಣವಿತ್ತು. ನಮ್ಮ ಕಡೆ ಮೊಬೈಲಿನ ಮುಖ್ಯ ಉಪಯೋಗವೇ, ತಾನು ಇಲ್ಲದ ಊರಿನಲ್ಲಿ ಇದ್ದೇನೆ ಎಂದು ಹೇಳುವುದು. ಇನ್ನೂ ಮನೆಯಲ್ಲಿ ಸ್ನಾನಕ್ಕೆ ನೀರು ಕಾಯಿಸುತ್ತಿರುವವನು "ಹೊಸಹಳ್ಳಿ ದಾಟೀನ್ರಿ, ಇನ್ನೇನು ಬಂದೆ" ಎನ್ನುತ್ತಾನೆ. ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕೂತವನು ಕೊಟ್ಟೂರಿಗೆ ಬಂದಾಯಿತು ಎನ್ನುತ್ತಾನೆ. ಹನುಮಂತಪ್ಪನವರು ಟೀ ಲೋಟ ಕೆಳಗಿಟ್ಟು, "ಸಾರ್, ಅಂಥಾದ್ದು ಬ್ಯಾಡ್ರಿ. ಸಂಸಾರಸ್ಥರು ಬದುಕೋದು ಬ್ಯಾಡೇನ್ರಿ?" ಎಂದು ಕಳಕಳಿಯಿಂದಲೇ ಕೇಳಿದರು. ನಾನು ವಿಜ್ಞಾನಿಯ ನಗೆ ನಕ್ಕೆ.

ನಗಬಾರದಿತ್ತು. ಯಾಕೆಂದರೆ ನಾನೂ ಸುಳ್ಳು ಹೇಳುತ್ತಿದ್ದೆ. ಎಲ್ಲರೂ ಮುಂದಿನ ಊರು ಹೇಳಿದರೆ ನಾನು ಹಿಂದಿನ ಊರು ಹೇಳುತ್ತಿದ್ದೆ, ಅಷ್ಟೇ ವ್ಯತ್ಯಾಸ. ಶನಿವಾರ ಬೆಳಗಿನ ಶಾಲೆ. ಹನ್ನೆರಡೂವರೆಗೆಲ್ಲ ಕೂಡ್ಲಿಗಿಯಲ್ಲಿ ಬಸ್ಸಿಳಿಯುತ್ತಿದ್ದೆ. ಮನೆ ಹತ್ತು ಹೆಜ್ಜೆಯಷ್ಟು ದೂರ. ಆದರೆ ನಡುವೆ ಕೊಟ್ರಪ್ಪನ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿಯ ಅಂಗಡಿ. ಡಾಕ್ಟರು ನನಗೆ ಎಣ್ಣೆಯಲ್ಲಿ ಕರಿದದ್ದನ್ನು ಕಣ್ಣಿನಿಂದಲೂ ನೋಡಬೇಡಿ ಎಂದಿದ್ದರು. ನನ್ನ ಹೆಂಡತಿ ಗೌರಿಯ ಅಪ್ಪ ಎದೆನೋವಿನಿಂದ ಹೋದವರು. ಡಾಕ್ಟರ ಆ ಮಾತು ಕೇಳಿ ಬಂದ ದಿನವೇ ಅವಳು ತನ್ನ ತಲೆಯ ಮೇಲೆ ನನ್ನ ಕೈ ಇಡಿಸಿಕೊಂಡು ಆಣೆ ಮಾಡಿಸಿದ್ದಳು. ಆಣೆ ನಾಲ್ಕು ಶನಿವಾರ ತಡೆಯಿತು. ಐದನೆಯ ಶನಿವಾರದಿಂದ ಕೊಟ್ರಪ್ಪನ ಬೆಂಚಿನ ಮೇಲೆ ಕೂತು ಗೌರಿಗೆ ಫೋನು ಮಾಡಿ, "ಇನ್ನೂ ಹೊಸಹಳ್ಳ್ಯಾಗ ಅದೀನಿ, ಬಸ್ಸೇ ಬಂದಿಲ್ಲ" ಎನ್ನತೊಡಗಿದೆ. ಅವಳು "ಹೌದಾ, ನಂದು ಉಂಡಾತು. ನೀವು ನಿಧಾನ ಬರ್ರಿ" ಎನ್ನುತ್ತಿದ್ದಳು. ನಾನು ನಿಧಾನವಾಗಿ ನಾಲ್ಕು ಮಿರ್ಚಿ ತಿನ್ನುತ್ತಿದ್ದೆ.

ಯುಗಾದಿಗೆ ಮನೆಯ ಹಳೆಯ ಫೋನು ತೆಗೆದು ಗೌರಿಗೆ ಬಣ್ಣದ ಪರದೆಯ ಹೊಸದೊಂದನ್ನು ತಂದುಕೊಟ್ಟೆ. ಅದರೊಳಗೆ ಏನೇನೋ ಒತ್ತಿ ಹುಡುಕುವಾಗ ಹತ್ತಿರದ ಟವರಿನ ಊರನ್ನು ಪರದೆಯ ಮೇಲೆ ತೋರಿಸುವ ಒಂದು ಸೌಲಭ್ಯ ಸಿಕ್ಕಿತು. ಒತ್ತಿದೆ. ಇಂಗ್ಲಿಷ್ ಅಕ್ಷರದಲ್ಲಿ ಕೂಡ್ಲಿಗಿ ಎಂದು ಮೂಡಿತು. ನನ್ನ ಭವಿಷ್ಯ ಜೀವಮಾನದಲ್ಲಿ ಮೊದಲ ಸಲ ಫಲಿಸಿದಷ್ಟು ಸಂತೋಷವಾಯಿತು. "ನೋಡು, ಊರು ತೋರಸ್ತೈತಿ! ಡಿಸೆಂಬರ್‌ನಾಗ ನಾನು ಹೇಳಿರ್ಲಿಲ್ಲೇನು?" ಎಂದು ಮೆರೆದೆ. ಅದು ತೋರಿಸುವುದು ಫೋನು ಹಿಡಿದವರ ಊರನ್ನು, ಆ ಕಡೆಯವರದ್ದಲ್ಲ ಎಂದು ವಿವರಿಸಲು ಹೋಗಲಿಲ್ಲ. ಜಂಭ ಕೊಚ್ಚುವಾಗ ಯಾರೂ ಅಷ್ಟು ವಿವರಕ್ಕೆ ಹೋಗುವುದಿಲ್ಲ.

ಮೂರು ವಾರ ಕಳೆಯಿತು. ಒಂದು ಶನಿವಾರ ಎಂದಿನಂತೆ ಕೊಟ್ರಪ್ಪನ ಬೆಂಚು, ಕೈಯಲ್ಲಿ ಮೂರನೆಯ ಮಿರ್ಚಿ. ಹೊಸಹಳ್ಳಿಯ ಬಸ್ಸನ್ನು ಬೈದೆ. ಗೌರಿ "ನಂದು ಉಂಡಾತು" ಎಂದಳು. ಆದರೆ ಫೋನು ಇಡಲಿಲ್ಲ. "ಯಾಕ್ರಿ ಸುಳ್ಳು ಹೇಳ್ತೀರಿ? ಇಲ್ಲಿ ಕೂಡ್ಲಿಗಿ ಅಂತ ತೋರಸಾಕತ್ತೈತಿ" ಎಂದಳು.

ಹತ್ತನೆಯ ತರಗತಿಗೆ ಇಪ್ಪತ್ತು ವರ್ಷದಿಂದ ವಿಜ್ಞಾನ ಹೇಳುತ್ತಿರುವ ನಾನು ಆ ಗಳಿಗೆಯಲ್ಲಿ ಕಲಿತದ್ದನ್ನೆಲ್ಲ ಮರೆತೆ. ಕೂಡ್ಲಿಗಿಯಲ್ಲಿ ಕೂತ ಅವಳ ಫೋನು ಕೂಡ್ಲಿಗಿ ಎನ್ನದೆ ಕಾಶಿ ಎನ್ನುತ್ತದೆಯೇ ಎಂದು ಹೊಳೆಯಲೇ ಇಲ್ಲ. "ಗೌರಿ, ತಪ್ಪಾತು. ಕೊಟ್ರಪ್ಪನ ಅಂಗಡ್ಯಾಗ ಅದೀನಿ. ಮಿರ್ಚಿ ತಿನ್ನಾಕತ್ತೀನಿ. ಐದು ತಿಂಗಳಾತು" ಎಂದು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಕೊಂಡೆ. ಕೊಟ್ರಪ್ಪ ಬಾಣಲೆಯಿಂದ ಜಾರೆ ಎತ್ತಿ ಹಿಡಿದು ನನ್ನನ್ನೇ ನೋಡುತ್ತ ನಿಂತ.

ಆ ಕಡೆಯಿಂದ ಬೈಗುಳ ಬರಲಿಲ್ಲ. ಅಳು ಬಂತು. "ಮಿರ್ಚಿ ಅಷ್ಟ ಏನ್ರಿ? ಮೂರು ವಾರದಿಂದ ಯಾವಾಗ ಮಾತಾಡಿದ್ರೂ ಇದು ಕೂಡ್ಲಿಗಿ ಅಂತೈತಿ. ನಿಮ್ಮನ್ನ ಸಾಲಿಯಿಂದ ತೆಗದು ಹಾಕ್ಯಾರ, ನಂಗ ಹೇಳಾಕ ಆಗದ ಗಿಡದ ಕೆಳಗ ಕುಂತು ಹೊತ್ತು ಕಳದು ಬರ್ತೀರಿ ಅಂದ್ಕಂಡಿದ್ದೆ. ನಂಗ ನಿದ್ದೀನ ಇಲ್ಲ" ಎಂದಳು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಕೈಯಲ್ಲಿದ್ದ ಅರ್ಧ ಮಿರ್ಚಿಯನ್ನು ತಟ್ಟೆಯಲ್ಲಿಟ್ಟು ಎದ್ದೆ.

ಮನೆಗೆ ಬಂದು, ಹಾಜರಿ ಪುಸ್ತಕದ ಮೇಲೆ ಆಣೆ ಮಾಡಿದಂತೆ, ನನ್ನ ನೌಕರಿ ಭದ್ರವಾಗಿದೆ ಎಂದು ಹೇಳಿದೆ. ಆ ಫೋನು ತೋರಿಸುವುದು ಅವಳ ಊರನ್ನೇ ಎಂದು, ಯುಗಾದಿಗೇ ಹೇಳಬೇಕಿದ್ದುದನ್ನು ಆಗ ಹೇಳಿದೆ. ಅವಳು ಫೋನನ್ನೂ ನನ್ನನ್ನೂ ನೋಡಿ, "ಹಂಗಾದ್ರ ನೀವು ಒಪ್ಕಳದ ಇದ್ದಿದ್ರ ನಂಗ ಗೊತ್ತಾಗ್ತಾನ ಇರ್ಲಿಲ್ಲ?" ಎಂದು ಕಣ್ಣೊರೆಸಿಕೊಳ್ಳುತ್ತಲೇ ನಕ್ಕುಬಿಟ್ಟಳು. ಆ ನಗು ಡಾಕ್ಟರ ಮಾತಿಗಿಂತ ಹೆಚ್ಚು ನೋವು ಕೊಟ್ಟಿತು.

ಕೈ ತೊಳೆದು ಒಳಗೆ ಹೋದೆ. ಎರಡು ತಟ್ಟೆ ಬೋರಲು ಹಾಕಿಟ್ಟಿದ್ದವು. ರೊಟ್ಟಿಬುಟ್ಟಿಯ ಮೇಲಿನ ಬಟ್ಟೆ ಬಿಚ್ಚಿರಲಿಲ್ಲ. ಪಲ್ಯಕ್ಕೆ ಸೌಟು ಬಿದ್ದಿರಲಿಲ್ಲ. "ಉಂಡಾತು ಅಂದಿದ್ಯಲ್ಲ?" ಎಂದೆ. ಅವಳು ರೊಟ್ಟಿ ಹಾಕುತ್ತ, "ಶನಿವಾರ ನೀವಿಲ್ಲದ ಯಾವಾಗ ಉಂಡೀನ್ರಿ? ಉಂಡಿಲ್ಲ ಅಂದ್ರ ನೀವು ಬಸ್ಸಿನ ಹಿಂದ ಓಡಿ ಬರ್ತೀರಿ ಅಂತ ಹಂಗ ಅಂತಿದ್ದೆ" ಎಂದಳು. ಐದು ತಿಂಗಳು ನಾನು ಬೆಂಚಿನ ಮೇಲೆ ನಿಧಾನವಾಗಿ ತಿನ್ನುತ್ತಿದ್ದಾಗೆಲ್ಲ ಅವಳು ಇಲ್ಲಿ ಹಸಿದುಕೊಂಡು ಕೂತಿದ್ದಳು. ನನಗೆ ನಾಚಿಕೆಯಾಯಿತು.

ಆ ವರ್ಷದ ಡಿಸೆಂಬರಿನಲ್ಲಿ ಸ್ಟಾಫ್ ರೂಮಿನವರು ಮತ್ತೆ ನನ್ನ ಮುಖ ನೋಡಿದರು. ನಾನು ಭವಿಷ್ಯ ಹೇಳಲಿಲ್ಲ, ಎಲ್ಲರಂತೆ ಒಂದು ಆಸೆ ಹೇಳಿದೆ: ಆ ಕಡೆಯವರು ಉಂಡಿದ್ದಾರೋ ಇಲ್ಲವೋ ತೋರಿಸುವ ಫೋನು ಬರಲಿ. ಹನುಮಂತಪ್ಪನವರು, "ಅದಕ್ಕ ಫೋನ್ಯಾಕ್ರಿ, ಮನಿಗೆ ಹೋಗಿ ನೋಡಿದ್ರ ಆತಲ್ಲ" ಎಂದರು. ಡ್ರಿಲ್ ಮೇಷ್ಟ್ರಿಗೆ ತಿಳಿದದ್ದು ವಿಜ್ಞಾನದ ಮೇಷ್ಟ್ರಿಗೆ ತಿಳಿಯಲು ಐದು ತಿಂಗಳು ಹಿಡಿದಿತ್ತು. ಅಂದಹಾಗೆ ಗುಟ್ಟು ಒಡೆದ ಆ ಶನಿವಾರ ಗೌರಿ ಬಡಿಸಿದ ಮೂರು ರೊಟ್ಟಿಗಳಲ್ಲಿ ಒಂದನ್ನೂ ನಾನು ಬೇಡವೆನ್ನಲಿಲ್ಲ. ಹೊಟ್ಟೆಯಲ್ಲಿ ಎರಡೂವರೆ ಮಿರ್ಚಿ ಇದ್ದರೂ, ಹೊಸಹಳ್ಳಿಯಿಂದ ಹಸಿದು ಬಂದವನ ಹಾಗೆಯೇ ಉಂಡೆ.