ಬಾಗಿಲಾಚೆಯ ಹ್ಞೂಂ

ಕೀಲಿಯಣ್ಣನಿಗೆ ಬೇಕಾಗಿದ್ದದ್ದು ಆಟೋಗ್ರಾಫ್ ಅಲ್ಲ, ಫೋಟೋ ಅಲ್ಲ. ತನ್ನ ಮೆಚ್ಚಿನ ಸಿನಿಮಾ ನಿರ್ದೇಶಕರ ಮುಂದೆ ನಿಂತು ಒಂದೇ ಒಂದು ಸಲ 'ಥ್ಯಾಂಕ್ಸ್ ಸಾರ್' ಅನ್ನಬೇಕು, ಅಷ್ಟೇ. ಇಷ್ಟು ಸಣ್ಣ ಆಸೆಯವನಿಗೆ ದೇವರು ಅಷ್ಟು ದೊಡ್ಡ ಪೀಕಲಾಟ ಕೊಡಬಾರದಿತ್ತು.

ಬೀಗ ರಿಪೇರಿ ಮಾಡುತ್ತಾ, ಕಳೆದುಹೋದ ಕೀಲಿಗಳಿಗೆ ಜೋಡಿ ಮಾಡಿಕೊಡುತ್ತಾ ಬದುಕುತ್ತಿದ್ದ ಅವನನ್ನು ಬೀದಿಗೆ ಬೀದಿಯೇ ಕೀಲಿಯಣ್ಣ ಅನ್ನುತ್ತಿತ್ತು. ಆ ನಿರ್ದೇಶಕರ ಸುದ್ದಿ ಬಂದರೆ ಮಾತ್ರ ಅವನ ಬಾಯಿಗೆ ಯಾವ ಬೀಗವೂ ನಿಲ್ಲುತ್ತಿರಲಿಲ್ಲ. ಅವರ ಯಾವ ಸಿನಿಮಾ ತೆಗೆಯೋಕೆ ಎಷ್ಟು ವರ್ಷ ಹಿಡಿಯಿತು, ಯಾವುದು ವಾರ ತುಂಬುವ ಮೊದಲೇ ಎತ್ತಂಗಡಿಯಾಯಿತು, ಎಲ್ಲ ಬಾಯಿಪಾಠ. ಅವರು ಪಾರಿವಾಳ ಸಾಕುತ್ತಾರೆಂದು ಪೇಪರಿನಲ್ಲಿ ಬಂದಾಗ ಇವನೂ ಸಾಕಿದ. ಪಕ್ಕದ ಮನೆ ಟೈಲರಮ್ಮನ ಒಗೆದ ಬಟ್ಟೆಗಳ ಮೇಲೆ ಪಾರಿವಾಳಗಳು ತಮ್ಮ ವಿಮರ್ಶೆ ಬರೆದ ಮೇಲೆ ಕೈಬಿಟ್ಟ. ಅವರು ಸಂದರ್ಶನದಲ್ಲಿ 'ಹ್ಞೂಂ' ಬಿಟ್ಟು ಹೆಚ್ಚು ಮಾತಾಡುವವರಲ್ಲ, ಯಾವ ಥಿಯೇಟರಿಗೆ ಹೋದರೂ ಮೊದಲು ಮಹಡಿಯ ಮೆಷಿನ್ ರೂಮು ಹತ್ತಿ ಆಪರೇಟರ್ ಜೊತೆ ಟೀ ಕುಡಿಯುತ್ತಾರೆ ಅನ್ನುವುದೂ ಅವನಿಗೆ ಗೊತ್ತು. ತನ್ನ ಥ್ಯಾಂಕ್ಸು ಯಾತಕ್ಕೆ ಅನ್ನುವುದನ್ನು ಮಾತ್ರ ಅವನು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

ಅಂಥ ನಿರ್ದೇಶಕರು ಹೊಸ ಸಿನಿಮಾದ ಮೊದಲ ಆಟಕ್ಕೆ ಇವತ್ತು ಸಂಜೆ ಇದೇ ಊರಿನ ಥಿಯೇಟರಿಗೆ ಬರುವವರಿದ್ದರು.

ಬೆಳಿಗ್ಗೆಯೇ ಸಲೂನಿನವನು ಅವನನ್ನು ಹಿಡಿದು ಕುರ್ಚಿಯಲ್ಲಿ ಕೂರಿಸಿದ. "ಬಾಪ್ಪಾ, ಇವತ್ತು ಫ್ರೀ. ಆದ್ರೆ ಸಾಹೇಬ್ರ ಹತ್ರ ನನ್ ಬಗ್ಗೆ ಒಂದು ಮಾತು ಹಾಕು. ಪೊಲೀಸ್ ಪಾತ್ರ ಆದ್ರೂ ಸರಿ, ಹೆಣದ ಪಾತ್ರ ಆದ್ರೂ ಸರಿ."

"ಹೆಣದ ಪಾತ್ರ ನಿನ್ ಕೈಲಿ ಎಲ್ಲಾಗುತ್ತೆ? ಬಾಯಿ ಮುಚ್ಕೊಂಡು ಮಲಗಿರ್ಬೇಕಾಗುತ್ತೆ."

ಆ ಮಾತು ಅವನಿಗೆ ಚುಚ್ಚಿತೋ ಏನೋ, ಕತ್ತರಿ ಜಾರಿತು. ಎಡಮೀಸೆಗೆ ಸರಿಯಾಗಲೆಂದು ಬಲಮೀಸೆ, ಬಲಕ್ಕೆ ಸರಿಯಾಗಲೆಂದು ಎಡ ಅಂತ ಕತ್ತರಿಸುತ್ತಾ ಹೋಗಿ, ಕೊನೆಗೆ ಹುಬ್ಬೊಂದು ದಾರಿ ತಪ್ಪಿ ಮೂಗಿನ ಕೆಳಗೆ ಬಂದು ಕೂತಂತಾಯಿತು.

ಟೈಲರಮ್ಮ ಹಳೇ ಮುನಿಸು ಮರೆತು ಯಾರದೋ ಕೋಟು ತಂದು ತೊಡಿಸಿದಳು. "ಕೈ ಎತ್ಬೇಡಪ್ಪಾ, ಹೊಲಿಗೆ ಬಿಡುತ್ತೆ. ಜೋರಾಗಿ ಉಸಿರೂ ತಗೋಬೇಡ."

ಹೆಂಡತಿ ಕೆಳಗಿಂದ ಮೇಲೆ ನೋಡಿದಳು. "ಏನ್ರೀ, ಥ್ಯಾಂಕ್ಸ್ ಹೇಳೋಕೆ ಹೊರಟಿದ್ದೀರೋ, ಅವರನ್ನ ಹೆದರ್ಸೋಕೋ?"

ಸಂಜೆ ಅವಳು ಒಳಗೆ ಹೋಗಿ ಸೀಟು ಹಿಡಿದಳು. ಇವನು ಬಾಗಿಲ ಹತ್ತಿರ ಕಾಯುತ್ತಿದ್ದಾಗ ಥಿಯೇಟರಿನ ಮ್ಯಾನೇಜರ್ ಏದುಸಿರು ಬಿಡುತ್ತಾ ಓಡಿಬಂದ.

"ಕೀಲಿಯಣ್ಣ, ದೇವರು ಬಂದ ಹಾಗೆ ಬಂದೆ! ಸ್ಟೇಜ್ ಹಿಂದಿನ ರೂಮಲ್ಲಿ ಡೈರೆಕ್ಟರ್ ಸಾಹೇಬ್ರು ಸಿಕ್ಕಾಕ್ಕೊಂಡಿದ್ದಾರೆ. ನೀನೇ ಹೋದ ತಿಂಗಳು ಹಾಕಿದ ಬೀಗ, ಜಪ್ಪಯ್ಯ ಅಂದ್ರೂ ಬರ್ತಿಲ್ಲ!"

"ಒಳಗಿರೋದು ಅವರೇನಾ?"

"ಇನ್ಯಾರು? ಕಾರು ಬಂದು ನಿಂತಿದೆ. ಬಾಗಿಲು ಬಡಿದ್ರೆ ಬರೀ ಹ್ಞೂಂ ಅಂತಾರೆ! ನೀನು ತೆಗಿ, ನಾನು ಜನಾನ ಸಮಾಧಾನ ಮಾಡ್ತೀನಿ."

ಕೀಲಿಯಣ್ಣ ಬಾಗಿಲಿಗೆ ಕಿವಿಯಿಟ್ಟ. "ಸಾರ್, ಒಳಗಿದ್ದೀರಾ?"

"ಹ್ಞೂಂ."

ಮೈ ಜುಮ್ಮೆಂದಿತು. ಎಷ್ಟು ಸಂದರ್ಶನಗಳಲ್ಲಿ ಕೇಳಿದ ಹ್ಞೂಂ ಅದು! ಜೇಬಿನಲ್ಲಿ ತಂತಿಯಿತ್ತು, ತನ್ನದೇ ಬೀಗ, ಚಿಟಿಕೆ ಹೊಡೆಯುವಷ್ಟರಲ್ಲಿ ತೆಗೆಯಬಹುದಿತ್ತು. ಆದರೆ ಕೈ ಏಳಲಿಲ್ಲ. ಬಾಗಿಲು ತೆಗೆದರೆ ಅವರು ಊರಿನ ಪಾಲು, ಮುಚ್ಚಿರುವ ತನಕ ನನ್ನೊಬ್ಬನ ಪಾಲು ಅನ್ನಿಸಿತು.

"ಸ್ವಲ್ಪ ಹೊತ್ತಾಗುತ್ತೆ ಸಾರ್, ಬೀಗ ಬಿಗಿ ಇದೆ," ಅಂತ ಸುಳ್ಳು ಹೇಳಿ ಬಾಗಿಲಿಗೆ ಒರಗಿ ಕೂತ.

"ಸಾರ್, ಯಾರಿಗೂ ಹೇಳಿಲ್ಲ, ನಿಮಗೊಬ್ಬರಿಗೇ ಹೇಳ್ತಿದ್ದೀನಿ. ಒಂದು ಕಾಲದಲ್ಲಿ ನಾನೂ ನನ್ ಹೆಂಡ್ತೀನೂ ಮಾತು ಬಿಟ್ಟಿದ್ವಿ. ಒಂದೇ ಮನೇಲಿ ಇಬ್ಬರು ಬಾಡಿಗೆದಾರರ ಥರ. ಕೊನೆಗೆ ಅವಳು ಪೆಟ್ಟಿಗೆ ಕಟ್ಕೊಂಡು ತವರಿಗೆ ಹೊರಟ್ಲು, ಬಸ್ ಹತ್ತಿಸೋಕೆ ನಾನೂ ಹೋದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಬಿಸಿಲು ತಡೀಲಾರದೆ ನಿಮ್ಮ ಸಿನಿಮಾಕ್ಕೆ ನುಗ್ಗಿದ್ವಿ. ನಡುವೆ ಒಂದು ಸೀಟು ಖಾಲಿ ಬಿಟ್ಟು ಕೂತ್ಲು ಸಾರ್. ಅದ್ರಲ್ಲಿ ಒಬ್ಬ ಮುದುಕ ಕಿಟಕಿ ತೆಗೀಲೋ ಬೇಡ್ವೋ ಅಂತ ಮುಕ್ಕಾಲು ಗಂಟೆ ಯೋಚಿಸ್ತಾನಲ್ಲ..."

"ಹ್ಞೂಂ."

"ತೆಗೆದ್ನೋ ಇಲ್ವೋ ನಂಗೆ ಇವತ್ತಿಗೂ ಗೊತ್ತಿಲ್ಲ. ನಿದ್ದೆ ಬಂದ್ಬಿಡ್ತು. ಅವಳಿಗೂ ಬಂತು. ನಡುವಿನ ಸೀಟಿಗೆ ಯಾರು ಯಾವಾಗ ಸರಿದ್ವೋ, ಎಚ್ಚರ ಆದಾಗ ಅವಳ ತಲೆ ನನ್ನ ಹೆಗಲ ಮೇಲಿತ್ತು, ಬಸ್ಸು ಹೋಗಿಯಾಗಿತ್ತು. ಇಬ್ಬರಿಗೂ ನಗು ತಡ್ಕೊಳ್ಳೋಕಾಗ್ಲಿಲ್ಲ. ಬೇರೆಯವರ ಸಿನಿಮಾ ಆಗಿದ್ರೆ ಎಚ್ಚರವಾಗಿರ್ತಿದ್ವಿ ಸಾರ್, ಸಂಸಾರ ಹೋಗಿರ್ತಿತ್ತು! ಆಮೇಲೆ ನಿಮ್ಮ ಸಿನಿಮಾ ಒಂದನ್ನೂ ಬಿಟ್ಟಿಲ್ಲ. ಅದೊಂದನ್ನ ಮಾತ್ರ ಮತ್ತೆ ನೋಡ್ಲಿಲ್ಲ. ಅದು ಅಲ್ಲಿಗೇ ನಿಂತಿರ್ಲಿ ಅಂತ."

ಒಳಗಿಂದ ಮೂಗು ಸೊರ್ರೆಂದಿತು. ಅಯ್ಯೋ, ಅಷ್ಟು ದೊಡ್ಡ ಮನುಷ್ಯರು ನನ್ನ ಕತೆಗೆ ಅಳುತ್ತಿದ್ದಾರಲ್ಲ ಅಂತ ಇವನು ಬಾಗಿಲ ಕಡೆ ತಿರುಗಿ ಕೂತ.

"ಥ್ಯಾಂಕ್ಸ್ ಸಾರ್," ಅಂದ.

ಹಾಲಿನಿಂದ ಜೋರು ಚಪ್ಪಾಳೆ ಕೇಳಿಸಿತು. ಕಾದು ಬೇಸತ್ತ ಜನ ಗಲಾಟೆ ಶುರುಮಾಡಿದರು ಅಂದುಕೊಂಡು ತಂತಿ ತೂರಿಸಿದ. ಕೈ ಎತ್ತಿದ್ದೇ ತಡ, ಕೋಟಿನ ಹೆಗಲು ಪರ್ರೆಂದಿತು. ಬಾಗಿಲು ತೆರೆಯಿತು.

ಒಳಗೆ, ಮುಖಕ್ಕೆ ಪೌಡರ್ ಮೆತ್ತಿಕೊಂಡು, ಎದೆಗೆ ತನ್ನದೇ ಫೋಟೋ ಅವಚಿಕೊಂಡು, ಸಲೂನಿನವನು ಗಳಗಳ ಅಳುತ್ತಾ ನಿಂತಿದ್ದ.

"ಕೀಲಿಯಣ್ಣಾ! ಎಂಥಾ ಕತೆಯಯ್ಯಾ ನಿಂದು!"

"ನೀನಾ! ಬಾಯಿಬಿಡೋಕೆ ಏನಾಗಿತ್ತೋ ನಿಂಗೆ?"

"ಮಾತಾಡಿದ್ರೆ ಮ್ಯಾನೇಜರು ಒದ್ದು ಓಡಿಸ್ತಿದ್ದ. ಸಾಹೇಬ್ರಿಗೆ ಫೋಟೋ ಕೊಡೋಣ ಅಂತ ಅವಿತ್ಕೊಂಡಿದ್ದೆ, ಬೀಗ ಬಿದ್ದೋಯ್ತು." ಕಣ್ಣೊರೆಸಿಕೊಂಡು ಎದೆ ಉಬ್ಬಿಸಿದ. "ಈಗೇನಂತೀಯಾ? ಹೆಣದ ಪಾತ್ರ ನನ್ ಕೈಲಾಗುತ್ತೋ ಇಲ್ವೋ?"

ಅಷ್ಟರಲ್ಲಿ ಮ್ಯಾನೇಜರ್ ಬಂದ. "ಇನ್ನೂ ಇಲ್ಲೇ ಇದ್ದೀಯಾ ಮಾರಾಯ? ಸಾಹೇಬ್ರು ಮೇಲೆ ಮೆಷಿನ್ ರೂಮಲ್ಲಿ ಟೀ ಕುಡೀತಿದ್ರು! ಇಳಿದು ಸ್ಟೇಜಿಗೆ ಬಂದು, ಜನಕ್ಕೆ 'ನೋಡಿ' ಅಂತ ಒಂದೇ ಮಾತು ಹೇಳಿ, ಕಾರು ಹತ್ತಿದ್ರು."

ಕೀಲಿಯಣ್ಣ ಹಣೆ ಚಚ್ಚಿಕೊಂಡ. ಮೆಷಿನ್ ರೂಮು! ಇಡೀ ಊರಿನಲ್ಲಿ ಅದು ಗೊತ್ತಿದ್ದವನು ಅವನೊಬ್ಬನೇ.

ಕತ್ತಲಲ್ಲಿ ತಡವರಿಸುತ್ತಾ ಹೋಗಿ ಹೆಂಡತಿಯ ಪಕ್ಕ ಕೂತ.

"ಹೊರಗೆ ಸಿಕ್ಕಿದ್ರಾ? ಹೇಳಿದ್ರಾ?" ಅಂತ ಅವಳು ಪಿಸುಗುಟ್ಟಿದಳು.

"ಹೇಳ್ದೆ."

"ಏನಂದ್ರು?"

"ಹ್ಞೂಂ ಅಂದ್ರು."

"ಅಷ್ಟಾದ್ರೂ ಅಂದ್ರಲ್ಲ, ಪುಣ್ಯಾತ್ಮರು," ಅಂತ ಅವಳು ತಲೆಯನ್ನು ಹರಿದ ಹೆಗಲಿಗೆ ಒರಗಿಸಿದಳು.

ಪರದೆಯ ಮೇಲೆ ಒಬ್ಬ ಹೆಂಗಸು ಕೊಡೆ ಬಿಚ್ಚಲೋ ಬೇಡವೋ ಅಂತ ಯೋಚಿಸತೊಡಗಿದ್ದಳು. ಹಿಂದಿನ ಸಾಲಿನಿಂದ ಸಲೂನಿನವನ ಪಿಸುಮಾತು, ಇಡೀ ಹಾಲಿಗೆ ಕೇಳುವಂತೆ, ಟೈಲರಮ್ಮನ ಕಿವಿಗೆ ಬೀಳುತ್ತಿತ್ತು: "...ನಡುವೆ ಒಂದು ಸೀಟು ಖಾಲಿ ಬಿಟ್ಟು ಕೂತಿದ್ಳಂತೆ ಕಣಮ್ಮಾ..."

ಎದ್ದು ಹೋಗಿ ಅವನ ಬಾಯಿ ಮುಚ್ಚಿಸಬೇಕು ಅಂದುಕೊಂಡ ಕೀಲಿಯಣ್ಣ. ಆದರೆ ಎದ್ದರೆ ಹೆಗಲ ಮೇಲಿನ ತಲೆಗೆ ಎಚ್ಚರವಾಗುತ್ತಿತ್ತು. ಹೋಗಲಿ ಅಂತ ಅಲ್ಲೇ ಕೂತ. ಆ ಹೆಂಗಸು ಕೊಡೆ ಬಿಚ್ಚಿದಳೋ ಇಲ್ಲವೋ, ಅವನಿಗೆ ಗೊತ್ತಾಗಲಿಲ್ಲ.